ಜೀಬ್ರಾ ಯಾರದ್ದು? ಐನ್‌ಸ್ಟೈನ್‌ನ ಕೇಳಬೇಡಿ

ವಾಟ್ಸ್ಆ್ಯಪ್‌ನಲ್ಲಿ ಈ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಐದು ಮನೆ, ಐದು ಬಣ್ಣ, ಐದು ದೇಶದವರು. ಜೀಬ್ರಾ ಸಾಕಿದವರು ಯಾರು? 'ಐನ್‌ಸ್ಟೈನ್ ಹುಡುಗನಾಗಿದ್ದಾಗ ಬರೆದದ್ದು, ಶೇ. 98 ಜನರಿಗೆ ಬಿಡಿಸೋಕಾಗಲ್ಲ' ಅಂತ ಸವಾಲು ಬೇರೆ.

ಇದಕ್ಕೆ ಆಧಾರವೇ ಇಲ್ಲ. ಅಚ್ಚಿನಲ್ಲಿ ಸಿಕ್ಕಿರೋ ಮೊದಲ ದಾಖಲೆ 'ಲೈಫ್ ಇಂಟರ್‌ನ್ಯಾಷನಲ್' ಪತ್ರಿಕೆಯದ್ದು, 1962ರ ಡಿಸೆಂಬರ್ 17ರ ಸಂಚಿಕೆ. ಐನ್‌ಸ್ಟೈನ್ ತೀರಿಕೊಂಡು ಆಗಲೇ 7 ವರ್ಷ. ಇನ್ನೊಂದು ಸುಳಿವು ಒಗಟಿನೊಳಗೇ ಇದೆ ನೋಡಿ: ಹಳದಿ ಮನೆಯವನು ಸೇದೋದು ಕೂಲ್ ಸಿಗರೇಟು. ಆ ಬ್ರ್ಯಾಂಡ್ ಬಂದಿದ್ದೇ 1933ರಲ್ಲಿ; ಐನ್‌ಸ್ಟೈನ್‌ಗೆ ಆಗ 54. ಹುಡುಗನಂತೆ, ಹುಡುಗ!

ಉತ್ತರ ಬಂದಿದ್ದು 1963ರ ಮಾರ್ಚ್ 25ರ ಸಂಚಿಕೆಯಲ್ಲಿ, ಬಿಡಿಸಿದ ನೂರಾರು ಓದುಗರ ಹೆಸರಿನ ಜೊತೆ. ನಾನು ಹೇಳಲ್ಲ. ನಾರ್ವೆಯವನದು ಮೊದಲ ಮನೆ, ಪಕ್ಕದ್ದು ನೀಲಿ. ಅಲ್ಲಿಂದ ಶುರು ಮಾಡಿ, ಆಗದ್ದಕ್ಕೆಲ್ಲ ಕಾಟು ಹೊಡೀತಾ ಹೋಗಿ.