ರಿಪೋರ್ಟಿನಲ್ಲಿ ಯಾರ ಹೆಸರು?

ನಾನು ಎಂ.ಟೆಕ್. ಮುಗಿಸಿ ಕೆಲಸಕ್ಕೆ ಅಂತ ದೆಹಲಿಗೆ ಬಂದವನು. ಈಗ ನೋಯ್ಡಾದಲ್ಲಿ ಒಂಬತ್ತು ಜನರ ಟೀಮಿಗೆ ಲೀಡ್ ಆಗಿದ್ದೀನಿ. ಒಳ್ಳೆ ಲೀಡರ್ ಆಗೋದು ಹೇಗೆ ಅಂತ ಹೇಳೋಕೆ ಬಂದಿಲ್ಲ. ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ಒಂದು ಶುಕ್ರವಾರ ರಾತ್ರಿ ನಮ್ಮ ಟೀಮಿನ ಹೊಸ ಹುಡುಗ ಟೆಸ್ಟ್ ಸರ್ವರ್ ಅಂದುಕೊಂಡು ಪ್ರೊಡಕ್ಷನ್ ಡೇಟಾಬೇಸ್ ಮೇಲೆ ಸ್ಕ್ರಿಪ್ಟ್ ರನ್ ಮಾಡಿಬಿಟ್ಟ. ಗ್ರಾಹಕರ ಆರ್ಡರ್‌ಗಳು ನಾಲ್ಕು ಗಂಟೆ ನಿಂತುಹೋದವು. ಬೆಳಿಗ್ಗೆ ಮೇಲಿನವರಿಗೆ ರಿಪೋರ್ಟ್ ಬರೆದೆ. 'ಕಾರಣ' ಅನ್ನೋ ಜಾಗದಲ್ಲಿ ಅವನ ಹೆಸರು ಹಾಕಿದೆ.

ಬರೆದದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಅವನಿಗೆ ಪ್ರೊಡಕ್ಷನ್ ಪಾಸ್‌ವರ್ಡ್ ಕೊಟ್ಟವನು ನಾನು. ಆ ವಾರವೇ ಅವನು, "ಸರ್, ಅಪ್ಪ ಆಸ್ಪತ್ರೇಲಿದಾರೆ, ರಜೆ ಬೇಕಿತ್ತು" ಅಂದಾಗ "ಈ ರಿಲೀಸ್ ಮುಗಿಸಿ ಹೋಗು" ಅಂದವನೂ ನಾನೇ. ಈ ಎರಡೂ ರಿಪೋರ್ಟಿನಲ್ಲಿ ಇರಲಿಲ್ಲ.

ನಾನು ದಿನಾ ಲಾಜಪತ್ ನಗರದಲ್ಲಿ ಮೆಟ್ರೊ ಹತ್ತಿ, ಕಾಲ್ಕಾಜಿ ಮಂದಿರದಲ್ಲಿ ಬದಲಿಸಿ ನೋಯ್ಡಾಕ್ಕೆ ಹೋಗ್ತೀನಿ. ದಾರಿಯಲ್ಲಿ ಕೈಲಾಶ್ ಕಾಲೊನಿ ಹತ್ತಿರ ಜಮ್ರುದ್‌ಪುರ ಸಿಗುತ್ತೆ. 2009ರ ಜುಲೈ 12ರಂದು ಇದೇ ಲೈನ್ ಕಟ್ಟುವಾಗ ಅಲ್ಲಿ ಸೇತುವೆಯ ಭಾಗ ಕುಸಿದು ಕಾರ್ಮಿಕರು ಸತ್ತರು. ಆಗ ದೆಹಲಿ ಮೆಟ್ರೊದ ಮುಖ್ಯಸ್ಥರು ಇ. ಶ್ರೀಧರನ್. ನಮ್ಮ ಉಡುಪಿ, ಕಾರವಾರದ ಮೇಲೆ ಹೋಗೋ ಕೊಂಕಣ ರೈಲ್ವೆ ಕಟ್ಟಿಸಿದವರೂ ಅವರೇ. ಆ ಕಂಬ ಅವರು ಕೈಯಾರೆ ಕಟ್ಟಿದ್ದಲ್ಲ. ಆದರೂ ಅದೇ ದಿನ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪಲಿಲ್ಲ. ಅವರು ಮುಂದುವರಿದರು, 2010ರಲ್ಲಿ ಲೈನ್ ಓಡಿತು. ಮುಖ್ಯಸ್ಥರು ಹೊಣೆ ಹೊತ್ತರು ಅಂತ ತನಿಖೆಯೇನೂ ನಿಲ್ಲಲಿಲ್ಲ.

ಆ ಜಾಗ ದಾಟುವಾಗಲೆಲ್ಲ ನನ್ನ ರಿಪೋರ್ಟ್ ನೆನಪಾಗ್ತಿತ್ತು. ಕೊನೆಗೆ ಹತ್ತು ದಿನ ಆದ ಮೇಲೆ ಇನ್ನೊಂದು ಬರೆದೆ. ಹುಡುಗನ ತಪ್ಪನ್ನು ತೆಗೆದುಹಾಕಲಿಲ್ಲ. ಅದನ್ನು ಮುಚ್ಚಿಟ್ಟರೆ ಕರುಣೆ ಆಗಲ್ಲ, ಉಳಿದ ಎಂಟು ಜನಕ್ಕೆ ಅನ್ಯಾಯ ಆಗುತ್ತೆ. ಅದರ ಮೇಲೆ ನನ್ನ ಎರಡು ತಪ್ಪು ಸೇರಿಸಿದೆ, ನನ್ನ ಹೆಸರು ಹಾಕಿ. ಈಗ ನಮ್ಮಲ್ಲಿ ಇಬ್ಬರು ನೋಡದೆ ಪ್ರೊಡಕ್ಷನ್ ಮುಟ್ಟೋ ಹಾಗಿಲ್ಲ. ನನಗೂ ಅದೇ ನಿಯಮ. ಮನೇಲಿ ಕಾಯಿಲೆ ಅಂದರೆ ಮೊದಲು ರಜೆ, ಲೆಕ್ಕ ಆಮೇಲೆ.

ಆದರೂ ಅವನ ಕೆಲಸ ಖಾಯಂ ಆಗೋದು ಮೂರು ತಿಂಗಳು ತಡವಾಯಿತು. ನನ್ನ ಎರಡನೇ ರಿಪೋರ್ಟಿಂದ ಅದು ಸರಿಯಾಗಲಿಲ್ಲ. ನಾನು ಕ್ಷಮೆ ಕೇಳಿದಾಗ ಅವನು, "ಸರ್, ಎರಡನೇದು ಬರೀತೀರಿ ಅಂದ್ಕೊಂಡಿರಲಿಲ್ಲ" ಅಂದ. ಆ ಮಾತು ಹೊಗಳಿಕೆ ಅಲ್ಲ ಅಂತ ನನಗೆ ಗೊತ್ತು.

ನೀವೂ ಟೀಮ್ ನಡೆಸ್ತಿದ್ದರೆ ಒಂದೇ ಕೋರಿಕೆ. ಮುಂದಿನ ಸಲ ಇಂಥ ರಿಪೋರ್ಟ್ ಬರೆಯುವಾಗ, ಕಿರಿಯರ ಹೆಸರು ಹಾಕೋ ಮುಂಚೆ ನಿಮ್ಮ ಪಾಲು ಎಷ್ಟು ಅಂತ ಬರೆದುಬಿಡಿ. ಹತ್ತು ದಿನ ಕಾಯಬೇಡಿ.