ಮೃಗಾಲಯದಲ್ಲಿ ಏಷ್ಯಾದ ಕಾಡು



ಶಾಲೆಯ ಪ್ರವಾಸವೆಂದ ಕೂಡಲೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವ ಊರುಗಳಲ್ಲಿ ಮೈಸೂರೂ ಒಂದು. ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನಗಳ ಜೊತೆಗೆ ಮೃಗಾಲಯವೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ನೆತ್ತಿಯ ಮೇಲೆ ಬಿಸಿಲು ಸುಡುವ ಹೊತ್ತಿನಲ್ಲಿ ಒಂದು ಸುತ್ತು ಹಾಕಿ, ‘ಹುಲಿ ಮಲಗಿತ್ತು, ಕರಡಿ ಕಾಣಲೇ ಇಲ್ಲ’ ಎಂದು ಗೊಣಗುತ್ತ ಊಟಕ್ಕೆ ಓಡುವವರೇ ಹೆಚ್ಚು. ಮೃಗಾಲಯವನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಅದರಲ್ಲೂ ನಮ್ಮ ಏಷ್ಯಾಖಂಡದ ಕಾಡುಪ್ರಾಣಿಗಳನ್ನು ಹೇಗೆ ನೋಡಬೇಕು, ಏಕೆ ನೋಡಬೇಕು ಎಂಬುದನ್ನು ಇಂದು ವಿಚಾರ ಮಾಡೋಣ.

ಮೈಸೂರಿನ ಮೃಗಾಲಯ ಆರಂಭವಾದದ್ದು 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಆಗ ಅದು ಅರಮನೆಗೆ ಸೇರಿದ ಸಣ್ಣ ಪ್ರಾಣಿಸಂಗ್ರಹ. 1909ರಲ್ಲಿ ಅದಕ್ಕೆ ಆ ಅರಸರ ಹೆಸರನ್ನೇ ಇಡಲಾಯಿತು. ಅಂದು ಪ್ರಾಣಿಗಳನ್ನು ಕೂಡಿಟ್ಟು ತೋರಿಸುವುದೇ ಒಂದು ವೈಭವ. ಇಂದು ಆ ಕಾಲ ಮುಗಿದಿದೆ. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾದ ಮೇಲೆ ದೇಶದ ಯಾವ ಮೃಗಾಲಯವೂ ಅದರ ಮಾನ್ಯತೆಯಿಲ್ಲದೆ ನಡೆಯುವಂತಿಲ್ಲ. ಆವರಣ ಎಷ್ಟಿರಬೇಕು, ಪ್ರಾಣಿವೈದ್ಯರ ಏರ್ಪಾಡು ಹೇಗಿರಬೇಕು ಎಂಬುದಕ್ಕೆಲ್ಲ ನಿಯಮಗಳಿವೆ. ಕಬ್ಬಿಣದ ಸರಳುಗಳ ಬದಲು ಆಳವಾದ ಕಂದಕಗಳು ಬಂದಿವೆ.

ಈಗ ಒಳಗೆ ಹೋಗೋಣ. ಮೊದಲು ಕಾಟಿಯ ಆವರಣದ ಮುಂದೆ ನಿಲ್ಲಿ. ಇದನ್ನು ಕಾಡೆಮ್ಮೆ ಎಂದು ಕರೆಯುವ ರೂಢಿಯಿದ್ದರೂ ಇದು ಎಮ್ಮೆಯಲ್ಲ. ದನದ ಕುಲಕ್ಕೆ ಸೇರಿದ ಪ್ರಾಣಿ. ಬೆಳೆದ ಗಂಡು 800 ಕಿಲೋ ಮೀರಿ ತೂಗಬಲ್ಲದು. ಬಿಳಿ ಕಾಲುಚೀಲ ತೊಟ್ಟಂತಿರುವ ಅದರ ಕಾಲುಗಳನ್ನು, ಭುಜದಿಂದ ಬೆನ್ನಿನ ನಡುವಿನವರೆಗೆ ಎದ್ದಿರುವ ದಿಣ್ಣೆಯನ್ನು ಗಮನಿಸಿ. ಕರಡಿಯ ಬಳಿಗೆ ಬಂದಾಗ ಅದರ ಉಗುರುಗಳನ್ನು ನೋಡಿ. ಗಟ್ಟಿಯಾದ ಹುತ್ತವನ್ನು ಅಗೆಯಲು ಅವೇ ಗುದ್ದಲಿ. ಅದರ ಮೇಲ್ದವಡೆಯ ಮುಂಭಾಗದಲ್ಲಿ ನಡುವಣ ಎರಡು ಹಲ್ಲುಗಳಿರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಬಾಯಿಗೆ ಎಳೆದುಕೊಳ್ಳುತ್ತದೆ. ಹುಲಿಯ ಮುಂದೆ ನಿಂತಾಗ ಅದರ ಪಟ್ಟೆಗಳನ್ನು ನೋಡಿ. ನಮ್ಮ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೋಲುವುದಿಲ್ಲ. ಕಾಡಿನಲ್ಲಿ ಕ್ಯಾಮೆರಾಗಳನ್ನು ಕಟ್ಟಿ ಹುಲಿಗಳನ್ನು ಎಣಿಸುವುದು ಈ ಗುಟ್ಟಿನ ಬಲದಿಂದಲೇ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆಯೆಂದು ಅಂದಾಜು ಮಾಡಿದರು.

ಸಿಂಗಳೀಕದ ಬಳಿ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿಬಣ್ಣದ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಇದು ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ಕರ್ನಾಟಕದಲ್ಲಿ ಶರಾವತಿ ಕಣಿವೆಯ ಕಾಡುಗಳು ಇದರ ಮುಖ್ಯ ನೆಲೆ. ನಮ್ಮ ಊರಿನ ಮಂಗದಂತೆ ಇದು ರಸ್ತೆಗಿಳಿದು ಬದುಕುವ ಪ್ರಾಣಿಯಲ್ಲ. ಹಣ್ಣು, ಹುಳು, ನಿದ್ದೆ, ಸಂಸಾರ ಎಲ್ಲವೂ ಬಹುಮಟ್ಟಿಗೆ ಮರದ ಮೇಲೆಯೇ. ಕೊಂಬೆಗೆ ಕೊಂಬೆ ಕೂಡಿರುವ ನಿತ್ಯಹರಿದ್ವರ್ಣದ ಕಾಡೇ ಅದರ ಹೆದ್ದಾರಿ. ನಡುವೆ ಒಂದು ರಸ್ತೆಯನ್ನೋ ತೋಟವನ್ನೋ ಮಾಡಿದರೆ ನಮಗೆ ಅದು ಸಣ್ಣ ಸಂಗತಿ; ಸಿಂಗಳೀಕದ ಗುಂಪಿಗೆ ಅದು ದಾಟಲಾಗದ ಹೊಳೆ. ಕಾಡು ತುಂಡಾದಂತೆ ಗುಂಪುಗಳು ಒಂಟಿಯಾಗುತ್ತವೆ.

ಇದೇ ಕಥೆಯನ್ನು ಇನ್ನೊಂದು ಪ್ರಾಣಿ ಬೇರೆ ದೇಶದಿಂದ ಹೇಳುತ್ತದೆ. 2021ರಲ್ಲಿ ಸಿಂಗಪುರ ಮತ್ತು ಮಲೇಷ್ಯಾದ ಮೃಗಾಲಯಗಳಿಂದ ಮೈಸೂರಿಗೆ ಒರಾಂಗುಟಾನ್‌ಗಳು ಬಂದವು. ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳ ಮಳೆಕಾಡು ಇವುಗಳ ತವರು. ಮಲಯ ಭಾಷೆಯಲ್ಲಿ ಈ ಹೆಸರಿಗೆ ‘ಕಾಡಿನ ಮನುಷ್ಯ’ ಎಂದೇ ಅರ್ಥ. ತಾಯಿ ಒಂದು ಮರಿಯನ್ನು ಆರೇಳು ವರ್ಷ ಜೊತೆಯಲ್ಲಿಟ್ಟುಕೊಂಡು, ಯಾವ ಹಣ್ಣು ತಿನ್ನಬೇಕು, ಗೂಡು ಹೇಗೆ ಹೆಣೆಯಬೇಕು ಎಂದು ಕಲಿಸುತ್ತದೆ. ಆದ್ದರಿಂದ ಕಳೆದುಹೋದ ಸಂಖ್ಯೆ ಬೇಗನೆ ತುಂಬಿಬರುವುದಿಲ್ಲ. ಆ ದ್ವೀಪಗಳಲ್ಲಿ ಕಾಡು ಕಡಿದು ತಾಳೆ ಎಣ್ಣೆಯ ತೋಟ ಮಾಡಿದ್ದಾರೆ. ಆ ಎಣ್ಣೆ ನಮ್ಮ ಬಿಸ್ಕತ್ತಿನಲ್ಲಿದೆ, ಸಾಬೂನಿನಲ್ಲಿದೆ. ಸಮುದ್ರದಾಚೆಯ ಕಾಡಿಗೂ ನಮ್ಮ ಅಡುಗೆಮನೆಗೂ ಹೀಗೊಂದು ನಂಟಿದೆ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು: ‘ಇಷ್ಟೆಲ್ಲ ಗೌರವ ಇರುವುದಾದರೆ ಇವುಗಳನ್ನು ಕೂಡಿಹಾಕುವುದು ಸರಿಯೆ?’ ಆವರಣ ಎಷ್ಟೇ ದೊಡ್ಡದಾದರೂ ಅದು ಕಾಡಲ್ಲ. ಕೆಲಸವಿಲ್ಲದ ಪ್ರಾಣಿ ಒಂದೇ ಜಾಡಿನಲ್ಲಿ ಶತಪಥ ಹಾಕುವುದುಂಟು. ಅದನ್ನು ತಪ್ಪಿಸಲು ಆಹಾರವನ್ನು ಬಚ್ಚಿಟ್ಟು ಹುಡುಕಿಸುವ, ಹತ್ತಲು ಮರದ ದಿಮ್ಮಿ ಕೊಡುವ ಉಪಾಯಗಳನ್ನು ಪಾಲಕರು ಮಾಡುತ್ತಾರೆ. ಮೃಗಾಲಯಗಳು ಅಳಿವಿನಂಚಿನ ಪ್ರಾಣಿಗಳ ಸಂತಾನ ಬೆಳೆಸುತ್ತಿರುವುದೂ ನಿಜ. ಆದರೂ ಕಾಡೇ ಇಲ್ಲದ ಮೇಲೆ ಬೆಳೆಸಿದ ಮರಿಗಳನ್ನು ಎಲ್ಲಿ ಬಿಡುವುದು? ಆದ್ದರಿಂದ ಮೃಗಾಲಯ ಕಾಡಿಗೆ ಬದಲಿಯಲ್ಲ. ಅಲ್ಲಿಗೆ ಹೋದವರು ಕಾಡಿನ ಪರವಾಗಿ ಯೋಚಿಸುವಂತಾದರೆ ಮಾತ್ರ ಆ ಪ್ರಾಣಿಗಳ ಸೆರೆವಾಸಕ್ಕೆ ಒಂದು ಅರ್ಥ ಬರುತ್ತದೆ. ಆ ಅರ್ಥ ಕೊಡುವವರು ನೋಡುಗರಾದ ನಾವೇ.

ಹಾಗಾದರೆ ಮುಂದಿನ ಸಲ ಏನು ಮಾಡಬೇಕು? ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ತಂಪು ಹೊತ್ತಿನಲ್ಲಿ ಪ್ರಾಣಿಗಳು ಚುರುಕಾಗಿರುತ್ತವೆ. ಎಲ್ಲವನ್ನೂ ನೋಡುವ ಆತುರ ಬೇಡ. ಒಂದು ಪ್ರಾಣಿಯನ್ನು ಆರಿಸಿಕೊಂಡು ಅರ್ಧ ಗಂಟೆ ಸುಮ್ಮನೆ ನಿಂತು, ಎರಡು ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದೆಯೆಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಮರುದಿನ ತರಗತಿಯಲ್ಲಿ ಗೆಳೆಯರ ಟಿಪ್ಪಣಿಯ ಜೊತೆ ಹೋಲಿಸಿ. ಕೂಗುವುದು, ಕಲ್ಲೆಸೆಯುವುದು, ಕಡಲೆಕಾಯಿ ಹಾಕುವುದು ಬೇಡ. ಪ್ರಾಣಿಗಳನ್ನು ಕೆಣಕುವುದಷ್ಟೇ ಅಲ್ಲ, ಅವುಗಳಿಗೆ ತಿಂಡಿ ಕೊಡುವುದೂ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಕೊನೆಯದಾಗಿ ಒಂದು ಅಭ್ಯಾಸ. ಮೃಗಾಲಯದಲ್ಲಿ ಹುಲಿ ಒಂದು ಕಡೆ, ಕಡವೆ ಇನ್ನೊಂದು ಕಡೆ, ಕಾಟಿ ಮತ್ತೊಂದು ಕಡೆ ಇರುತ್ತವೆ. ಕಾಡಿನಲ್ಲಿ ಇವು ಬೇರೆ ಬೇರೆಯಲ್ಲ. ಹುಲ್ಲು ಕಡವೆಗೆ, ಕಡವೆ ಹುಲಿಗೆ. ಸಿಂಗಳೀಕ ಉಗುಳಿದ ಬೀಜ ನಾಳಿನ ಮರಕ್ಕೆ. ಮನೆಗೆ ಬಂದ ಮೇಲೆ ಒಂದು ಹಾಳೆಯ ಮೇಲೆ ನೀವು ನೋಡಿದ ಪ್ರಾಣಿಗಳ ಹೆಸರು ಬರೆದು, ಯಾವುದಕ್ಕೆ ಯಾವುದು ಆಧಾರವೆಂದು ಗೆರೆ ಎಳೆಯಿರಿ. ಕಂದಕಗಳು ಬಿಡಿಸಿಟ್ಟಿದ್ದನ್ನು ನಿಮ್ಮ ಗೆರೆಗಳು ಮತ್ತೆ ಕೂಡಿಸುತ್ತವೆ. ಆ ಹಾಳೆಯ ಮೇಲಿರುವುದೇ ಕಾಡು. ಮೈಸೂರಿನಿಂದ ಎರಡು ಗಂಟೆಯ ದಾರಿಯಲ್ಲಿ ಬಂಡೀಪುರದಲ್ಲಿ, ನಾಗರಹೊಳೆಯಲ್ಲಿ ಆ ಗೆರೆಗಳು ಇನ್ನೂ ಜೀವಂತವಾಗಿವೆ. ಅವು ಕಡಿಯದಂತೆ ನೋಡಿಕೊಳ್ಳುವ ಹೊಣೆ ಇಂದು ಹಿರಿಯರದು, ನಾಳೆ ನಿಮ್ಮದು.