ಅಂಕಣದ ಅಂಚಿನ ಕುರ್ಚಿ

ಮಳೆ ಕಳೆದರೆ ಕುಮಟಾ, ಹೊನ್ನಾವರ, ಭಟ್ಕಳದ ಕಾಲೇಜು ಹುಡುಗಿಯರು ಮೈದಾನಕ್ಕಿಳಿಯುತ್ತಾರೆ. ಕಬಡ್ಡಿ, ವಾಲಿಬಾಲ್, ಥ್ರೋಬಾಲ್. ಕಣ್ಣು ಧಾರವಾಡದ ವಿಶ್ವವಿದ್ಯಾಲಯ ತಂಡದ ಮೇಲೆ. ಪದವಿ ಮುಗಿದ ಮೇಲೆ ಆ ಆಟ ಎಲ್ಲಿಗೆ ಹೋಗುತ್ತದೆ?

ಅಮೆರಿಕದ ಲೆಲೆ ಫೊರೂಡ್ ಅವರ ಆಟ ಕಾಲೇಜಿಗೇ ಮರಳಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಟೆನಿಸ್ ಆಡಿದವರು, ವೃತ್ತಿಪರ ಟೆನಿಸ್ ಮುಗಿಸಿ ಅಲ್ಲಿನ ಮಹಿಳಾ ತಂಡದ ಸಹಾಯಕ ಕೋಚ್ ಆದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎರಡನೆಯ ಸ್ಥಾನದಲ್ಲೇ ಇದ್ದರು. ಈ ತಾಳ್ಮೆಯೇ ಹೆಚ್ಚು ಸೆಳೆಯುವ ಸಂಗತಿ. ಮುಖ್ಯ ಕೋಚ್ ಆದ ಮೇಲೆ 2001ರಿಂದ 2019ರವರೆಗೆ ತಂಡಕ್ಕೆ 10 ರಾಷ್ಟ್ರೀಯ ಪ್ರಶಸ್ತಿ ಬಂತು.

ಅಮೆರಿಕದ ಕಾಲೇಜು ಟೆನಿಸ್ ಒಂಟಿ ಆಟವಲ್ಲ. ಆರು ಸಿಂಗಲ್ಸ್‌ಗೆ ಆರು ಅಂಕ, ಡಬಲ್ಸ್‌ಗೆಲ್ಲ ಸೇರಿ ಒಂದು. ನಾಲ್ಕು ಗಳಿಸಿದವರು ಗೆದ್ದರು. ಪಂದ್ಯದ ನಡುವೆಯೇ ಕೋಚ್ ಅಂಕಣದ ಅಂಚಿನಲ್ಲಿ ಕೂತು ಆಟಗಾರ್ತಿಯ ಜೊತೆ ಮಾತಾಡಬಹುದು.

2016ರ ರಾಷ್ಟ್ರೀಯ ಟೂರ್ನಿಯಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸಿಕ್ಕಿದ್ದು 15ನೇ ಶ್ರೇಯಾಂಕ. ಫೈನಲ್ ಒಕ್ಲಹೋಮ ರಾಜ್ಯದಲ್ಲಿ, ಎದುರಾಳಿ ಒಕ್ಲಹೋಮ ಸ್ಟೇಟ್. ಅವರದೇ ನೆಲದಲ್ಲಿ ಫೊರೂಡ್ ಹುಡುಗಿಯರು 4-3ರಿಂದ ಗೆದ್ದರು.

ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಎಲ್ಲ ಆಟಕ್ಕೂ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು. ವಿಶ್ವವಿದ್ಯಾಲಯಕ್ಕೆ ಆಡಿದ ಅಕ್ಕಂದಿರು ಮದುವೆಯಾಗಿ ಪಕ್ಕದ ಕೇರಿಯಲ್ಲೇ ಇರುತ್ತಾರೆ. ಸಂಜೆ ಒಂದು ತಾಸು ಬನ್ನಿ ಎಂದು ಕಾಲೇಜಿನವರು ಕರೆದರೆ, ಬಂದಾರು.